ಮುಖ ನೋಡಿ ಮಣೆ ಹಾಕುವ ಬಾಗಿಲು

‘ಮುಖ ನೋಡಿ ಮಣೆ ಹಾಕುವುದು’ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಹೊಗಳಿಕೆಯಾಗಿರಲಿಲ್ಲ. ಮನೆಗೆ ಬಂದವರ ಸಿರಿಯನ್ನು ಕಣ್ಣಿನಲ್ಲೇ ಅಳೆದು, ಒಬ್ಬನಿಗೆ ಮಣೆಯನ್ನೂ ಇನ್ನೊಬ್ಬನಿಗೆ ಬರಿಯ ನೆಲವನ್ನೂ ತೋರಿಸುವ ಮನೆಯೊಡೆಯನ ನಡತೆಯನ್ನು ಹಂಗಿಸುವುದಕ್ಕೆ ಅವರು ಅದನ್ನು ಬಳಸುತ್ತಿದ್ದರು. ಆ ಮಾತು ಈಗ ಅಕ್ಷರಶಃ ನಿಜವಾಗಿದೆ. ವಿಮಾನ ನಿಲ್ದಾಣದ ಹೊಸ್ತಿಲಲ್ಲಿ ನಿಲ್ಲಿಸಿದ ಯಂತ್ರವೊಂದು ಬಂದವರ ಮುಖವನ್ನು ನೋಡುತ್ತದೆ. ಮೊದಲೇ ಪರಿಚಯ ಹೇಳಿಕೊಂಡ ಮುಖವಾದರೆ ಗಾಜಿನ ಕದ ತಾನಾಗಿ ತೆರೆದುಕೊಳ್ಳುತ್ತದೆ. ಅಲ್ಲವಾದರೆ ಪಕ್ಕದ ಉದ್ದನೆಯ ಸಾಲನ್ನು ಸೇರಬೇಕಾಗುತ್ತದೆ. ಯಂತ್ರಕ್ಕೆ ಸಿರಿಯ ಮೋಹವಿಲ್ಲ, ಬಡತನದ ಹೇವರಿಕೆಯೂ ಇಲ್ಲ. ಆದರೂ ಅದು ಹಾಕುವ ಮಣೆ ಯಾರಿಗೆ ದೊರೆಯುತ್ತದೆ, ಯಾರಿಗೆ ದೊರೆಯುವುದಿಲ್ಲ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಈ ವ್ಯವಸ್ಥೆಯ ಸ್ವರೂಪವನ್ನು ಮೊದಲು ತಿಳಿದುಕೊಳ್ಳುವುದು ಅವಶ್ಯ. ತಿಳಿಯದೆ ಹೊಗಳುವುದೂ ತಿಳಿಯದೆ ಹಳಿಯುವುದೂ ಒಂದೇ ಬಗೆಯ ಆಲಸ್ಯ. ನಮ್ಮ ದೇಶದಲ್ಲಿ ‘ಡಿಜಿ ಯಾತ್ರಾ’ ಎಂಬ ಹೆಸರಿನ ಏರ್ಪಾಡು ೨೦೨೨ನೆಯ ಇಸವಿಯ ಡಿಸೆಂಬರ್ ೧ರಂದು ದೆಹಲಿ, ಬೆಂಗಳೂರು, ವಾರಾಣಸಿ ಈ ಮೂರು ನಿಲ್ದಾಣಗಳಲ್ಲಿ ಮೊದಲಾಯಿತು. ಆಮೇಲೆ ಇತರ ನಿಲ್ದಾಣಗಳಿಗೂ ಹಬ್ಬಿತು. ದೇಶದೊಳಗಿನ ಪ್ರಯಾಣಕ್ಕೆಂದು ಆರಂಭವಾದ ಇದರಲ್ಲಿ ಪ್ರಯಾಣಿಕನು ತನ್ನ ಮೊಬೈಲಿನಲ್ಲಿ ಆಧಾರ್ ವಿವರವನ್ನೂ ಮುಖದ ಚಿತ್ರವನ್ನೂ ಸೇರಿಸಿಟ್ಟುಕೊಳ್ಳುತ್ತಾನೆ. ಹೊರಡುವ ಮುನ್ನ ಅದನ್ನು ಟಿಕೆಟಿನೊಡನೆ ನಿಲ್ದಾಣಕ್ಕೆ ಕಳುಹಿಸುತ್ತಾನೆ. ಯಂತ್ರವು ಮುಖದ ಅಳತೆಗಳನ್ನು ಅಂಕಿಗಳನ್ನಾಗಿ ಮಾಡಿಕೊಂಡು, ಎದುರಿಗೆ ನಿಂತವನ ಮುಖದೊಡನೆ ತಾಳೆ ನೋಡುತ್ತದೆ. ವಿಮಾನ ಹೊರಟ ಇಪ್ಪತ್ತನಾಲ್ಕು ಗಂಟೆಗಳೊಳಗೆ ನಿಲ್ದಾಣವು ಈ ವಿವರಗಳನ್ನು ಅಳಿಸಿಹಾಕುತ್ತದೆ ಎಂಬುದು ಏರ್ಪಾಡಿನವರ ವಾಗ್ದಾನ. ಇದನ್ನು ನಡೆಸುವುದು ಸರ್ಕಾರದ ಇಲಾಖೆಯಲ್ಲ. ಕಂಪೆನಿ ಕಾಯಿದೆಯ ೮ನೆಯ ಸೆಕ್ಷನ್ನಿನಡಿ ರಚಿತವಾದ, ಲಾಭದ ಉದ್ದೇಶವಿಲ್ಲದ ಒಂದು ಪ್ರತಿಷ್ಠಾನ. ಅದರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ನೂರಕ್ಕೆ ಇಪ್ಪತ್ತಾರು. ಉಳಿದದ್ದು ಬೆಂಗಳೂರು, ದೆಹಲಿ, ಹೈದರಾಬಾದು, ಮುಂಬಯಿ, ಕೊಚ್ಚಿ ನಿಲ್ದಾಣಗಳ ಕಂಪೆನಿಗಳದು.

ಹೊರದೇಶಕ್ಕೆ ಹೋಗಿಬರುವವರಿಗೆ ಇನ್ನೊಂದು ಏರ್ಪಾಡಿದೆ. ‘ವಿಶ್ವಾಸಾರ್ಹ ಪ್ರಯಾಣಿಕರ ಯೋಜನೆ’ ಎಂದು ನಾವು ಕನ್ನಡದಲ್ಲಿ ಹೇಳಬಹುದಾದ ಇದನ್ನು ಕೇಂದ್ರದ ಗೃಹಖಾತೆಯು ೨೦೨೪ರ ಜೂನ್ ೨೨ರಂದು ದೆಹಲಿಯಲ್ಲಿ ಆರಂಭಿಸಿ, ೨೦೨೫ರ ಜನವರಿ ೧೬ರಂದು ಬೆಂಗಳೂರು ಸೇರಿದಂತೆ ಏಳು ನಿಲ್ದಾಣಗಳಿಗೆ ವಿಸ್ತರಿಸಿತು. ಮೊದಲೇ ಅರ್ಜಿ ಸಲ್ಲಿಸಿ, ಬೆರಳಚ್ಚು ಮತ್ತು ಮುಖಚಿತ್ರ ಕೊಟ್ಟು, ವಿಚಾರಣೆಯಲ್ಲಿ ತೇರ್ಗಡೆಯಾದವರು ವಲಸೆ ಅಧಿಕಾರಿಯ ಮೇಜಿನ ಮುಂದೆ ಕಾಯಬೇಕಾಗಿಲ್ಲ. ಯಂತ್ರದ ಕದವೇ ಅವರನ್ನು ಕಳುಹಿಸಿಕೊಡುತ್ತದೆ. ಈ ಸದಸ್ಯತ್ವಕ್ಕೆ ಐದು ವರ್ಷಗಳ ಅವಧಿ. ಪಾಸ್‌ಪೋರ್ಟು ಅದಕ್ಕೆ ಮೊದಲೇ ಮುಗಿದರೆ ಅಲ್ಲಿಗೆ ಮುಕ್ತಾಯ. ಇದಕ್ಕೆ ಶುಲ್ಕವಿಲ್ಲ ಎಂಬುದನ್ನು ನಾವು ಮೆಚ್ಚಿ ಹೇಳಬೇಕು. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಖಾಸಗಿ ಕಂಪೆನಿಯೊಂದು ವರ್ಷಕ್ಕೆ ಸುಮಾರು ಇನ್ನೂರು ಡಾಲರು ತೆಗೆದುಕೊಂಡು, ಕಣ್ಣು ಅಥವಾ ಮುಖದ ಗುರುತಿನ ಮೇಲೆ ತನ್ನ ಸದಸ್ಯರನ್ನು ಸಾಲಿನ ಮುಂದಕ್ಕೆ ಕರೆದೊಯ್ಯುತ್ತದೆ. ಹಣ ಕೊಟ್ಟವರು ಹಣ ಕೊಡದವರ ಮುಂದೆ ನುಸುಳುವ ಈ ಪದ್ಧತಿಯನ್ನು ತಡೆಯಬೇಕೆಂದು ೨೦೨೪ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆಯಲ್ಲಿ ಒಂದು ಮಸೂದೆಯೇ ಬಂದಿತ್ತು, ಅದು ಕಾಯಿದೆಯಾಗಲಿಲ್ಲ.

ಇದರಿಂದ ಅನುಕೂಲವಿಲ್ಲವೆಂದು ಯಾರೂ ಹೇಳಲಾರರು. ನಿಂತು ನಿಂತು ಕಾಲು ಸೋಲುವ ಮುದುಕರಿಗೆ, ಮಗುವನ್ನು ಸೊಂಟದಲ್ಲಿಟ್ಟುಕೊಂಡ ತಾಯಿಗೆ, ಕೊನೆಯ ಗಳಿಗೆಯಲ್ಲಿ ಓಡಿ ಬಂದವನಿಗೆ ಇದು ಉಪಕಾರವೇ ಸರಿ. ಪ್ರತಿಯೊಂದು ಬಾಗಿಲಿನಲ್ಲಿಯೂ ಚೀಟಿ ತೆಗೆದು ತೋರಿಸಿ, ಮತ್ತೆ ಚೀಲದಲ್ಲಿ ತುರುಕುವ ಗೋಳು ತಪ್ಪುವುದೂ ಸಣ್ಣ ಲಾಭವಲ್ಲ. ಹೊಸದಾದುದನ್ನೆಲ್ಲ ಅನುಮಾನದಿಂದ ನೋಡುವುದು ವಿವೇಕದ ಲಕ್ಷಣವಲ್ಲ. ಆದರೆ ಹೊಸದಾದುದು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂದು ಕೇಳುವುದು ಅವಿವೇಕವೂ ಅಲ್ಲ.

ಮುಖ್ಯವಾಗಿ ಒಂದು ಮಾತನ್ನು ಬೇರ್ಪಡಿಸಿ ನೋಡಬೇಕು. ಗುರುತು ಬೇರೆ, ರಕ್ಷಣೆ ಬೇರೆ. ಈ ಯಂತ್ರ ಹೇಳುವುದು ‘ಟಿಕೆಟು ಕೊಂಡವನು ಇವನೇ’ ಎಂಬಷ್ಟನ್ನು ಮಾತ್ರ. ಅವನ ಚೀಲದಲ್ಲಿ ಏನಿದೆ, ಮನಸ್ಸಿನಲ್ಲಿ ಏನಿದೆ ಎಂಬುದನ್ನು ಅದು ಹೇಳಲಾರದು. ಆದುದರಿಂದಲೇ ಮುಖದಿಂದ ಕದ ತೆರೆಸಿಕೊಂಡು ಒಳಗೆ ಹೋದವನೂ ಮುಂದೆ ಚೀಲವನ್ನು ಸ್ಕ್ಯಾನರಿಗೆ ಕೊಟ್ಟು, ಕೈಯೆತ್ತಿ ಮೈತಪಾಸಣೆಗೆ ನಿಲ್ಲಬೇಕು. ೨೦೨೦ರ ಜನವರಿ ೨೦ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಸ್ಫೋಟಕವಿದ್ದ ಚೀಲವೊಂದು ಸಿಕ್ಕಿದುದನ್ನು ನಮ್ಮ ಜಿಲ್ಲೆಗಳವರು ಮರೆತಿಲ್ಲ. ಅಂದು ಅನಾಹುತವನ್ನು ತಪ್ಪಿಸಿದುದು ವಾರಸುದಾರನಿಲ್ಲದೆ ಬಿದ್ದಿದ್ದ ಚೀಲವನ್ನು ಕಂಡು ಸಂಶಯಪಟ್ಟ ಕಾವಲಿನವರ ಎಚ್ಚರ. ಯಂತ್ರದಿಂದ ಸಾಲು ಚಿಕ್ಕದಾದೀತು. ಕಾವಲು ತಾನಾಗಿ ಗಟ್ಟಿಯಾಗುವುದಿಲ್ಲ. ಬೇಗವನ್ನು ಭದ್ರತೆಯೆಂದು ತಿಳಿಯುವುದು ಭ್ರಮೆ.

ಇನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಗೆ ತಿರುಗೋಣ. ಈ ಸೀಮೆಯಲ್ಲಿ ವಿಮಾನ ಇಳಿಯುವ ನೆಲವಿಲ್ಲ. ಆದರೆ ವಿಮಾನದ ಸಂಬಂಧವಿಲ್ಲದ ಊರುಗಳು ವಿರಳ. ೧೯೫೧ರ ಡಿಸೆಂಬರ್ ೨೫ರಂದು ನೆಹರೂ ಅವರು ಬಂದಿಳಿದ ಬಜ್ಪೆಯ ನಿಲ್ದಾಣವೇ ನಮಗೆ ಹತ್ತಿರದ್ದು. ಅದೂ ಕುಂದಾಪುರದಿಂದ ಸುಮಾರು ನೂರು ಕಿಲೋಮೀಟರು. ಮುಂಬಯಿಯ ಹೋಟೆಲುಗಳಲ್ಲಿ ದುಡಿದವರ ಮಕ್ಕಳು ಬೆಂಗಳೂರಿನ ಕಚೇರಿಗಳಿಗೆ ಹೋದರು. ಅವರ ಒಡಹುಟ್ಟಿದವರು ದುಬಾಯಿ, ಕುವೈತು, ಮಸ್ಕತ್ತುಗಳಿಗೆ ಹೋದರು. ೨೦೦೬ರಲ್ಲಿ ಬಜ್ಪೆಯಿಂದಲೇ ದುಬಾಯಿಗೆ ವಿಮಾನ ಹಾರತೊಡಗಿದ ಮೇಲೆ ಈ ಹೋಗಿಬರುವಿಕೆ ಇನ್ನಷ್ಟು ಬೆಳೆಯಿತು. ಹೀಗೆ ಹೋಗುವವರಲ್ಲಿ ಎರಡು ಬಗೆ. ಪದವಿ ಪಡೆದು, ಮೊಬೈಲನ್ನು ಬೆರಳ ತುದಿಯಲ್ಲಿ ಆಡಿಸುವವರು ಒಂದು ಬಗೆ. ಹತ್ತನೆಯ ತರಗತಿಯನ್ನೂ ದಾಟದೆ, ಗಾರೆಯ ಕೆಲಸಕ್ಕೋ ಅಡುಗೆಯ ಕೆಲಸಕ್ಕೋ ಹೊರಟವರು ಇನ್ನೊಂದು ಬಗೆ. ಈ ಎರಡನೆಯವರು ಕೊಲ್ಲಿದೇಶಗಳಿಗೆ ದುಡಿಮೆಗಾಗಿ ಹೋಗುವಾಗ ೧೯೮೩ರ ವಲಸೆ ಕಾಯಿದೆಯ ಪ್ರಕಾರ ಪ್ರತ್ಯೇಕ ಅನುಮತಿ ಪಡೆಯಬೇಕು. ಅವರ ರಕ್ಷಣೆಗಾಗಿಯೇ ಮಾಡಿದ ನಿಯಮ ಅದು. ಆದರೂ ಹೆಚ್ಚು ಕಾಗದ, ಹೆಚ್ಚು ಪ್ರಶ್ನೆ ಅವರ ಪಾಲಿಗೇ ಬರುತ್ತವೆ. ಹೀಗೆ ಓದಿದವನ ದಾರಿ ದಿನದಿನಕ್ಕೆ ಹಗುರವಾಗುತ್ತಾ, ಓದದವನ ದಾರಿ ಇದ್ದಲ್ಲಿಯೇ ಇರುವುದನ್ನು ನಾವು ಪ್ರಗತಿಯೆಂದು ಕರೆಯಬಹುದೇ?

‘ಬೇಕಾದವರು ಸೇರಲಿ, ಬೇಡವಾದವರು ಬಿಡಲಿ, ಬಲವಂತವೇನೂ ಇಲ್ಲವಲ್ಲ’ ಎಂದು ಕೆಲವರು ಹೇಳುತ್ತಾರೆ. ಈ ಉತ್ತರ ಕೇಳುವುದಕ್ಕೆ ಹಿತವಾಗಿದೆ. ಆದರೆ ನಮ್ಮ ಕಣ್ಣೆದುರಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ರಾಷ್ಟ್ರೀಯ ಹೆದ್ದಾರಿ ೬೬ರಲ್ಲಿ ಸಾಸ್ತಾನದಲ್ಲಿ ಒಂದು, ಶಿರೂರಿನಲ್ಲಿ ಒಂದು ಟೋಲ್ ಗೇಟುಗಳಿವೆ. ಫಾಸ್ಟ್‌ಟ್ಯಾಗ್ ಎಂಬ ಚೀಟಿ ೨೦೧೪ರಲ್ಲಿ ಮೊದಲು ಬಂದಾಗ ಅದು ಒಂದು ಸೌಕರ್ಯ ಮಾತ್ರವಾಗಿತ್ತು. ಬೇಕಾದವರು ಅಂಟಿಸಿಕೊಂಡು ಬೇಗ ಹೋಗುತ್ತಿದ್ದರು, ಉಳಿದವರು ಹಣ ಕೊಟ್ಟು ಹೋಗುತ್ತಿದ್ದರು. ೨೦೨೧ರ ಫೆಬ್ರವರಿ ನಡುವಿನ ಒಂದು ಮಧ್ಯರಾತ್ರಿಯಿಂದ ಹೆದ್ದಾರಿಯ ಎಲ್ಲ ಸಾಲುಗಳೂ ಫಾಸ್ಟ್‌ಟ್ಯಾಗಿನ ಸಾಲುಗಳಾದವು. ಚೀಟಿಯಿಲ್ಲದವರು ಇಮ್ಮಡಿ ಹಣ ತೆರಬೇಕಾಯಿತು. ೨೦೨೫ರ ನವೆಂಬರಿನಲ್ಲಿ ಮೊಬೈಲಿನಿಂದ ಹಣ ಕಳುಹಿಸುವವರಿಗೆ ಇದನ್ನು ಒಂದೂಕಾಲು ಪಟ್ಟಿಗೆ ಇಳಿಸಿದರೂ ನಗದು ಕೊಡುವವರಿಗೆ ಇಮ್ಮಡಿಯೇ ಉಳಿಯಿತು. ಆ ಕ್ರಮ ಸರಿಯೇ ತಪ್ಪೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಅದರಿಂದ ಹೊಗೆಯೂ ಕಾಯುವಿಕೆಯೂ ಕಡಿಮೆಯಾದುದು ದಿಟ. ನಾವು ಗಮನಿಸತಕ್ಕುದು ಸೌಕರ್ಯವು ನಿಯಮವಾಗುವ ಬಗೆಯನ್ನು. ಮೊದಲು ಬೇಗದ ಸಾಲು ಒಂದು ಹುಟ್ಟುತ್ತದೆ. ಬಳಿಕ ಅದು ಅಗಲವಾಗುತ್ತದೆ. ಹಳೆಯ ಸಾಲು ಇರುಕಾಗುತ್ತದೆ. ಕಡೆಗೆ ಹಳೆಯ ಸಾಲಿನಲ್ಲಿ ನಿಲ್ಲುವುದೇ ತಪ್ಪೆನಿಸುತ್ತದೆ. ವಾಹನಕ್ಕೆ ಅಂಟಿಸಿದ ಚೀಟಿಯನ್ನು ಕಿತ್ತು ಎಸೆಯಬಹುದು. ಮುಖವನ್ನು?

ಒಪ್ಪಿಗೆಗೂ ಬಲವಂತಕ್ಕೂ ಇರುವ ಅಂತರವನ್ನು ನಮ್ಮ ದೇಶದವರಿಗೆ ಕಲಿಸಿದ ಒಂದು ಚರಿತ್ರೆಯ ಪಾಠವೂ ಉಂಟು. ಬೆರಳಚ್ಚಿನ ಶಾಸ್ತ್ರ ಬೆಳೆದದ್ದೇ ಭಾರತದ ನೆಲದಲ್ಲಿ: ೧೮೫೮ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಗುತ್ತಿಗೆದಾರನೊಬ್ಬನ ಅಂಗೈಯ ಅಚ್ಚನ್ನು ಕರಾರಿನ ಮೇಲೆ ತೆಗೆದುಕೊಂಡ, ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಸ್ಥಾಪಿತವಾಯಿತು. ಹತ್ತೇ ವರ್ಷಗಳೊಳಗೆ ಆ ವಿದ್ಯೆ ದಕ್ಷಿಣ ಆಫ್ರಿಕಕ್ಕೆ ಹೋಯಿತು. ಟ್ರಾನ್ಸ್‌ವಾಲಿನ ಸರ್ಕಾರ ಅಲ್ಲಿದ್ದ ಭಾರತೀಯರೆಲ್ಲರೂ ಬೆರಳಚ್ಚು ಕೊಟ್ಟು ಹೆಸರು ಬರೆಸಿ, ಕೇಳಿದಾಗಲೆಲ್ಲ ಪರವಾನೆ ತೋರಿಸಬೇಕೆಂದು ವಿಧಿಸಿತು. ೧೯೦೬ರ ಸೆಪ್ಟೆಂಬರ್ ೧೧ರಂದು ಜೋಹಾನ್ಸ್‌ಬರ್ಗಿನ ಸಭೆಯಲ್ಲಿ ಭಾರತೀಯರು ಅದಕ್ಕೆ ಮಣಿಯುವುದಿಲ್ಲವೆಂದು ಆಣೆಯಿಟ್ಟರು. ಸತ್ಯಾಗ್ರಹದ ಹುಟ್ಟು ಅಲ್ಲಿ. ಆದರೆ ೧೯೦೮ರ ಆರಂಭದಲ್ಲಿ ಗಾಂಧಿಯವರು ಒಂದು ರಾಜಿಗೆ ಒಪ್ಪಿದರು: ಕಾಯಿದೆಯ ಬಲವಂತ ಹೋಗುವುದಾದರೆ, ಸ್ವಂತ ಇಚ್ಛೆಯಿಂದ ಹೆಸರು ಬರೆಸೋಣ. ತಮ್ಮವರೇ ಸಿಟ್ಟಾಗಿ ಹೊಡೆದರೂ ಅವರು ಹಾಸಿಗೆಯಲ್ಲಿ ಮಲಗಿಕೊಂಡೇ ಬೆರಳಚ್ಚು ಕೊಟ್ಟರು. ಕಾಯಿದೆ ಹೋಗಲಿಲ್ಲ. ಅದೇ ವರ್ಷದ ಆಗಸ್ಟ್ ೧೬ರಂದು ಹಮೀದಿಯಾ ಮಸೀದಿಯ ಅಂಗಳದಲ್ಲಿ ಎರಡು ಸಾವಿರಕ್ಕೂ ಮಿಕ್ಕ ಪರವಾನೆಗಳು ಉರಿದು ಬೂದಿಯಾದವು. ಶಾಯಿ ಅದೇ, ಬೆರಳೂ ಅದೇ. ಇಚ್ಛೆಯಿಂದ ಕೊಟ್ಟಾಗ ಅದು ಸೌಜನ್ಯ. ಕೊಡದಿದ್ದರೆ ದಂಡವೆಂದಾಗ ಅದು ಅಪಮಾನ. ಗಾಂಧಿಯವರು ಬೆರಳಚ್ಚನ್ನು ದ್ವೇಷಿಸಲಿಲ್ಲ. ಮಾತಿಗೆ ತಪ್ಪಿದುದನ್ನು ಸಹಿಸಲಿಲ್ಲ.

ಇಂದಿನ ಏರ್ಪಾಡಿನಲ್ಲಿ ಇಚ್ಛೆಯ ಸ್ಥಿತಿ ಹೇಗಿದೆ? ೨೦೨೪ರ ಆರಂಭದಲ್ಲಿ, ಕೆಲವು ನಿಲ್ದಾಣಗಳ ಬಾಗಿಲಲ್ಲಿ ಸರಿಯಾಗಿ ತಿಳಿಸದೆಯೇ ಮುಖಚಿತ್ರ ತೆಗೆದು ಡಿಜಿ ಯಾತ್ರೆಗೆ ಸೇರಿಸುತ್ತಿದ್ದಾರೆಂದು ಪ್ರಯಾಣಿಕರು ದೂರಿದುದು ಪತ್ರಿಕೆಗಳಲ್ಲಿ ಬಂದಿತು. ಕೈಯಲ್ಲಿ ಚೀಲ, ಮನದಲ್ಲಿ ವಿಮಾನ ತಪ್ಪೀತೆಂಬ ಆತಂಕ, ಹಿಂದೆ ನೂಕುವ ಜನ—ಇಂಥ ಸಮಯದಲ್ಲಿ ‘ಇಲ್ಲಿ ನೋಡಿ’ ಎಂದರೆ ನೋಡದವರಾರು? ಅವಸರದಲ್ಲಿ ಆಡಿಸಿದ ತಲೆಯನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ನ್ಯಾಯವಲ್ಲ.

ಈ ವಿಷಯದಲ್ಲಿ ನಮ್ಮ ಕಾನೂನು ಮೂಕವಾಗಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರದ ವಿಚಾರವಾಗಿ ಹೂಡಿದ ಮೊಕದ್ದಮೆಯಲ್ಲಿಯೇ, ೨೦೧೭ರ ಆಗಸ್ಟ್ ೨೪ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. ೨೦೨೩ರಲ್ಲಿ ವ್ಯಕ್ತಿಗತ ದತ್ತಾಂಶದ ರಕ್ಷಣೆಗೆ ಕಾಯಿದೆಯಾಯಿತು. ೨೦೨೫ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯವಾದ ವಿಧಿಗಳು ಅಲ್ಲಿಂದ ಹದಿನೆಂಟು ತಿಂಗಳ ಬಳಿಕ ಜಾರಿಗೆ ಬರತಕ್ಕವು. ಒಪ್ಪಿಗೆಯು ಸ್ವತಂತ್ರವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ತೆಗೆದುಕೊಳ್ಳುವಂತಿರಬೇಕು ಎಂದು ಈ ಕಾಯಿದೆ ಹೇಳುತ್ತದೆ. ಸಾಹಿತ್ಯದ ಈ ಪುಟದಲ್ಲಿ ನಾವು ವಿಶೇಷವಾಗಿ ಎತ್ತಿ ಹೇಳಬೇಕಾದ ಇನ್ನೊಂದು ಅಂಶ ಅದರಲ್ಲಿದೆ. ಒಪ್ಪಿಗೆ ಕೇಳುವ ಮಾತನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾಗಲಿ ಓದಿಕೊಳ್ಳುವ ಆಯ್ಕೆ ಜನರಿಗಿರಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಕನ್ನಡದಲ್ಲಿ ಕೇಳಿಸಿಕೊಳ್ಳುವುದು ಅಭಿಮಾನದ ಬೇಡಿಕೆ ಮಾತ್ರವಲ್ಲ, ಕಾಯಿದೆಯ ಮಾತು. ತನಗೆ ತಿಳಿಯದ ಭಾಷೆಯಲ್ಲಿ ಕೊಟ್ಟ ಒಪ್ಪಿಗೆ, ಓದಲು ಬಾರದವನು ಸಾಲಪತ್ರಕ್ಕೆ ಒತ್ತಿದ ಹೆಬ್ಬೆಟ್ಟಿಗಿಂತ ಮೇಲಾದುದೇನಲ್ಲ.

ಯಂತ್ರದ ಗುರುತು ನಮ್ಮವರಿಗೆ ಹೊಸತೂ ಅಲ್ಲ. ಸಮುದ್ರದ ದಾರಿಯಿಂದ ಬಂದವರು ೨೦೦೮ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ಮಾಡಿದ ಬಳಿಕ, ಕರಾವಳಿಯ ಮೀನುಗಾರರಿಗೆಲ್ಲ ಬಯೋಮೆಟ್ರಿಕ್ ಗುರುತಿನ ಚೀಟಿ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ ಕೈಗೊಂಡಿತು. ಗಂಗೊಳ್ಳಿ, ಮರವಂತೆ, ಉಪ್ಪುಂದ, ಕೋಡಿಬೇಂಗ್ರೆಗಳಲ್ಲಿ ಕಡಲಿಗಿಳಿಯುವ ಜನ ಆ ಬಗೆಯ ಚೀಟಿಯನ್ನು ಬಲ್ಲರು. ನ್ಯಾಯಬೆಲೆಯ ಅಂಗಡಿಯಲ್ಲಿ ಅಕ್ಕಿಗಾಗಿ ಬೆರಳೊತ್ತುವುದನ್ನು ಎಲ್ಲರೂ ಬಲ್ಲರು. ಬಲೆಯ ಹಗ್ಗಕ್ಕೆ ಸವೆದ ಬೆರಳು, ಗೇರುಬೀಜದ ಸಿಪ್ಪೆಯ ಎಣ್ಣೆಗೆ ಸುಟ್ಟ ಬೆರಳು, ವಯಸ್ಸಿಗೆ ನಯವಾದ ಬೆರಳು ಯಂತ್ರಕ್ಕೆ ಸುಲಭವಾಗಿ ಗುರುತು ಸಿಗುವುದಿಲ್ಲ. ಮುಖದ ವಿಷಯದಲ್ಲಿಯೂ ಯಂತ್ರ ಸರ್ವಜ್ಞನಲ್ಲ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯೊಂದು ೨೦೧೯ರಲ್ಲಿ ೧೮೯ ಬಗೆಯ ಮುಖಪರೀಕ್ಷೆಯ ಕ್ರಮಗಳನ್ನು ಒರೆಗೆ ಹಚ್ಚಿದಾಗ, ಅವುಗಳಲ್ಲಿ ಹಲವು ಏಷ್ಯದವರ ಮತ್ತು ಆಫ್ರಿಕ ಮೂಲದವರ ಮುಖಗಳಲ್ಲಿ ಒಬ್ಬನನ್ನು ಇನ್ನೊಬ್ಬನೆಂದು ತಿಳಿಯುವ ತಪ್ಪನ್ನು ಬಿಳಿಯರ ಮುಖಕ್ಕಿಂತ ಹತ್ತರಿಂದ ನೂರು ಪಟ್ಟು ಹೆಚ್ಚಾಗಿ ಮಾಡಿದವು. ಅತ್ಯುತ್ತಮವಾದ ಕೆಲವುಗಳಲ್ಲಿ ಅಂತರ ತೀರ ಕಡಿಮೆಯಿತ್ತು. ಎಂದರೆ ದೋಷ ಯಂತ್ರದ ಹಣೆಬರಹವಲ್ಲ. ಅದನ್ನು ಯಾರ ಮುಖಗಳ ಮೇಲೆ ಪಳಗಿಸಿದರು, ಎಷ್ಟು ಶ್ರದ್ಧೆಯಿಂದ ಪಳಗಿಸಿದರು ಎಂಬುದರ ಫಲ. ಸರಿಪಡಿಸಬಹುದು, ಆದರೆ ಸರಿಪಡಿಸುವತನಕ ತಿರಸ್ಕೃತನಾದ ಮನುಷ್ಯನ ಮಾತನ್ನು ಕೇಳಲು ಪಕ್ಕದಲ್ಲಿ ಒಬ್ಬ ಮನುಷ್ಯನಿರಬೇಕು.

ಯಕ್ಷಗಾನದ ರಂಗಸ್ಥಳದಲ್ಲಿ ನಳ-ದಮಯಂತಿಯರ ಕಥೆಯನ್ನು ನೋಡಿದ ನಮ್ಮ ಸೀಮೆಯವರಿಗೆ ಗುರುತಿನ ತತ್ತ್ವವನ್ನು ಬೇರೆಯವರು ಕಲಿಸಬೇಕಾಗಿಲ್ಲ. ಸ್ವಯಂವರದ ಮಂಟಪದಲ್ಲಿ ದಮಯಂತಿಯ ಎದುರಿಗೆ ಐವರು ನಳರು. ಐದು ಮುಖಗಳೂ ಒಂದೇ. ಮುಖ ನೋಡಿ ತಿಳಿಯುವ ಯಂತ್ರವಾಗಿದ್ದರೆ ಐವರಿಗೂ ಕದ ತೆರೆಯುತ್ತಿತ್ತು. ಆಕೆ ನೋಡಿದುದು ಬೇರೆಯದನ್ನು: ದೇವತೆಗಳ ಕಣ್ಣು ಮಿಟುಕಲಿಲ್ಲ, ಮೈ ಬೆವರಲಿಲ್ಲ, ಮಾಲೆ ಬಾಡಲಿಲ್ಲ, ಕಾಲು ನೆಲಕ್ಕೆ ಸೋಕಲಿಲ್ಲ. ಬೆವರುವವನು, ಕಣ್ಣು ಮಿಟುಕಿಸುವವನು, ಧೂಳು ಮೆತ್ತಿದವನು ಅವಳ ನಳ. ಇಂದಿನ ಕೆಲವು ಯಂತ್ರಗಳೂ ಎದುರಿಗಿರುವುದು ಪಟವಲ್ಲ, ಜೀವವುಳ್ಳ ಮುಖವೆಂದು ತಿಳಿಯಲು ಕಣ್ಣು ಮಿಟುಕಿಸಿರೆಂದು ಕೇಳುತ್ತವೆ. ಅಷ್ಟರಮಟ್ಟಿಗೆ ಅವು ದಮಯಂತಿಯ ಶಿಷ್ಯರು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕಾರ್ಕೋಟಕನ ವಿಷದಿಂದ ನಳನ ರೂಪವೇ ಕೆಟ್ಟು ಅವನು ಬಾಹುಕನಾದಾಗ, ತಾಳೆ ನೋಡುವುದಕ್ಕೆ ಮುಖವೇ ಉಳಿದಿರಲಿಲ್ಲ. ಅವನ ಅಡುಗೆಯ ರುಚಿಯಿಂದ, ಮಕ್ಕಳನ್ನು ಕಂಡಾಗ ಸುರಿದ ಕಣ್ಣೀರಿನಿಂದ ದಮಯಂತಿ ಅವನನ್ನು ಗುರುತಿಸಿದಳು. ಸುಟ್ಟಗಾಯದಿಂದ ಮುಖ ಬದಲಾದವರು, ರೋಗದಿಂದ ಕೃಶರಾದವರು, ಮುಪ್ಪಿನಿಂದ ಮುದುಡಿದವರು ನಮ್ಮ ನಡುವೆ ಇದ್ದಾರೆ. ಅವರೆಲ್ಲ ಬಾಹುಕರು. ಅವರನ್ನು ಗುರುತಿಸಲು ಬೇಕಾದುದು ವಿಚಾರಿಸುವ ತಾಳ್ಮೆ.

ಹಾಗಾದರೆ ನಾವು ಹೇಳುವುದೇನು? ಯಂತ್ರವನ್ನು ಕಿತ್ತೆಸೆಯಿರೆಂದಲ್ಲ. ಬೇಗದ ಬಾಗಿಲು ಇರಲಿ. ಬೇಕಾದವರು ತಿಳಿದು, ಯೋಚಿಸಿ ಅದನ್ನು ಉಪಯೋಗಿಸಲಿ. ಆದರೆ ಯಂತ್ರದ ಬಾಗಿಲು ಹೆಚ್ಚಿದಷ್ಟೂ ಮನುಷ್ಯರಿರುವ ಬಾಗಿಲಿನ ಸಿಬ್ಬಂದಿಯನ್ನು ಕಡಿಮೆ ಮಾಡುವ ಚಾಳಿ ಬೇಡ. ಹಳೆಯ ಸಾಲು ದಂಡನೆಯ ಸಾಲಾಗಬಾರದು. ಭದ್ರತೆಯ ಬಾಗಿಲಿನಲ್ಲಿ ಹಣಕ್ಕೆ ಮುಂದಿನ ಸ್ಥಾನ ಮಾರುವ ಪದ್ಧತಿ ನಮ್ಮ ದೇಶಕ್ಕೆ ಬಾರದಿರಲಿ. ಕರ್ನಾಟಕದ ನಿಲ್ದಾಣಗಳಲ್ಲಿ ಒಪ್ಪಿಗೆಯನ್ನು ಕನ್ನಡದಲ್ಲಿ, ಓದಬರುವಷ್ಟು ದೊಡ್ಡ ಅಕ್ಷರದಲ್ಲಿ, ‘ಒಲ್ಲೆ’ ಎನ್ನುವ ಹಕ್ಕನ್ನೂ ಸೇರಿಸಿ ಕೇಳಲಿ. ಅಳಿಸಿದೆವೆಂದು ಹೇಳುವ ವಿವರ ನಿಜವಾಗಿಯೂ ಅಳಿದಿದೆಯೇ ಎಂದು ಹೊರಗಿನವರು ಪರೀಕ್ಷಿಸಿ ಜನರಿಗೆ ತಿಳಿಸುವ ಏರ್ಪಾಡಾಗಲಿ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೂ ಇದರಲ್ಲಿ ಒಂದು ಕೆಲಸವಿದೆ. ಮನೆಯ ಹಿರಿಯರ ಮೊಬೈಲಿನಲ್ಲಿ ಇಂಥ ಏರ್ಪಾಡುಗಳನ್ನು ಸೇರಿಸಿಕೊಡುವವರು ಸಾಮಾನ್ಯವಾಗಿ ಅವರೇ. ಅಜ್ಜಿಯ ಪರವಾಗಿ ‘ಒಪ್ಪಿದೆ’ ಎಂಬಲ್ಲಿ ಬೆರಳೊತ್ತುವ ಮೊದಲು, ಅಲ್ಲಿ ಬರೆದಿರುವುದನ್ನು ಆಕೆಗೆ ತಿಳಿಯುವ ಕನ್ನಡದಲ್ಲಿ, ಕುಂದಾಪುರದ ಆಡುಮಾತಿನಲ್ಲಿಯೇ ಆಗಲಿ, ಓದಿ ಹೇಳಬೇಕು. ಆಕೆ ಬೇಡವೆಂದರೆ ಬಿಡಬೇಕು. ಭಾಷೆಯನ್ನು ಕಲಿತವರು ಭಾಷೆ ತಿಳಿಯದವರಿಗೆ ಸಲ್ಲಿಸಬೇಕಾದ ಋಣಗಳಲ್ಲಿ ಇದೂ ಒಂದು. ಮಣೆ ಹಾಕುವ ಮೊದಲು ಮುಖ ನೋಡುವ ಕಾಲ ಬಂದಿದೆ; ಬಂದವರ ಮಾತನ್ನೂ ಕೇಳಬೇಕೆಂಬ ಹಳೆಯ ಮರ್ಯಾದೆ ಅದರೊಡನೆ ಉಳಿಯಲಿ.